ಬದುವಿನ ಹೊಂಗೆಗೆ ತಕ್ಕಡಿ ಹಿಡಿದ ವರ್ಷಗಳು

ಅರಸೀಕೆರೆ ತಾಲ್ಲೂಕಿನ ನಮ್ಮ ಹೊಲದ ಬದುಗಳಲ್ಲಿ ಅಜ್ಜನ ಕಾಲದಿಂದಲೂ ಹನ್ನೊಂದು ಹೊಂಗೆ ಮರಗಳಿವೆ. ಕೆರೆ ಕೆಳಗಿನ ಗದ್ದೆಗೆ ಸೊಪ್ಪು ತುಳಿಸುವುದಕ್ಕೆ, ತೆಂಗಿನ ಬುಡಕ್ಕೆ ಹಿಂಡಿ ಹಾಕುವುದಕ್ಕೆ, ಕರೆಂಟು ಬರುವ ಮೊದಲು ದೀಪಕ್ಕೆ ಎಣ್ಣೆ ಮಾಡಿಕೊಳ್ಳುವುದಕ್ಕೆ ಅವು ಒದಗುತ್ತಿದ್ದವು. ಇಷ್ಟಿದ್ದರೂ ಇಂಧನದ ಬೆಳೆ ಎಂದು ನಾನು ಮೊದಲು ನೆಟ್ಟದ್ದು ಹೊಂಗೆಯನ್ನಲ್ಲ, ಜಟ್ರೋಫಾ ಎಂದು ಆಗ ಎಲ್ಲರ ಬಾಯಲ್ಲಿದ್ದ ಕಾಡುಹರಳನ್ನು.

2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಕಾಡುಹರಳನ್ನು ನಂಬಿ ಗಿಡಗಳ ಎಣ್ಣೆಯಿಂದ ಮಾಡುವ ಜೈವಿಕ ಡೀಸೆಲಿನ ಕಾರ್ಯಕ್ರಮಕ್ಕೆ ಶಿಫಾರಸು ಮಾಡಿದ ಮೇಲೆ ಸಸಿ ಮಾರುವವರು ಊರೂರು ತಿರುಗತೊಡಗಿದರು. ಬೀಜವನ್ನು ತಾವೇ ಕೊಳ್ಳುವುದಾಗಿ ಹೇಳಿದ ಒಬ್ಬರ ಮಾತು ನಂಬಿ 2005ರ ಮುಂಗಾರಿನಲ್ಲಿ ಎರಡು ಎಕರೆ ಮಟ್ಟಿ ಹೊಲಕ್ಕೆ ಅದನ್ನು ಹಾಕಿದೆ. ಗಿಡ ಸಾಯಲಿಲ್ಲ, ದನ ಮೇಯಲಿಲ್ಲ; ಹೇಳಿದ ಮಾತಿನಲ್ಲಿ ನಿಜವಾದದ್ದು ಇವೆರಡೇ. ಗಂಡು ಹೂಗಳ ರಾಶಿಯ ನಡುವೆ ಹೆಣ್ಣು ಹೂಗಳು ಬೆರಳೆಣಿಕೆಯಷ್ಟಿರುತ್ತಿದ್ದವು, ಒಂದೇ ಗೊಂಚಲಿನಲ್ಲಿ ಹಸಿರು, ಹಳದಿ, ಕಪ್ಪು ಕಾಯಿಗಳು ಒಟ್ಟಿಗೆ ಇರುತ್ತಿದ್ದುದರಿಂದ ಮತ್ತೆ ಮತ್ತೆ ಆಳು ಕರೆದು ಬಿಡಿಸಬೇಕಾಗುತ್ತಿತ್ತು, ಬಂದ ಬೀಜ ಆಳಿನ ಕೂಲಿಗೂ ಸಾಲುತ್ತಿರಲಿಲ್ಲ. ಬರಡು ನೆಲದಲ್ಲಿ ಬದುಕುವುದು ಬೇರೆ, ಅಲ್ಲಿ ಫಲ ಕೊಡುವುದು ಬೇರೆ ಎಂಬುದನ್ನು ನಾನು ನನ್ನ ಖರ್ಚಿನಲ್ಲಿ ಕಲಿತೆ. ಕಾಡುಗಿಡವಾಗಿದ್ದುದನ್ನು ತಳಿ ಆಯ್ಕೆ ಮಾಡದೆ, ನಮ್ಮ ಮಳೆಗೆ ಒಗ್ಗಿಸಿ ನೋಡದೆ ನೇರವಾಗಿ ರೈತನ ಹೊಲಕ್ಕೆ ತಂದದ್ದೇ ತಪ್ಪು ಎಂದು ಈಗಲೂ ನನ್ನ ಅಭಿಪ್ರಾಯ. ಸಂಶೋಧನೆ ನಡೆಯಬೇಕಾಗಿದ್ದ ಜಾಗದಲ್ಲಿ ಪ್ರಚಾರ ನಡೆದಿತ್ತು. ಐದನೆಯ ವರ್ಷ ಗಿಡಗಳನ್ನು ಕಿತ್ತು ಮತ್ತೆ ರಾಗಿ ಬಿತ್ತಿದೆ.

ಕೀಳುವ ಮೊದಲೇ ಹಾಸನದ ಬಳಿಯ ಮಡೆನೂರಿನಲ್ಲಿರುವ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನಕ್ಕೆ ತರಬೇತಿಗೆಂದು ಹೋಗಿದ್ದೆ. ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಮರಗಳನ್ನು ಹೊಲದ ತುಂಬ ಅಲ್ಲ, ಬದುವಿನಲ್ಲಿ, ಬೇಲಿಯಲ್ಲಿ, ಪಾಳು ಮೂಲೆಗಳಲ್ಲಿ ಬೆಳೆಯಿರಿ, ಅನ್ನದ ಬೆಳೆಯ ನೆಲವನ್ನು ಮುಟ್ಟಬೇಡಿ ಎಂಬುದು ಅಲ್ಲಿನವರ ವಾದವಾಗಿತ್ತು. ನಾನು ಚೀಲದಲ್ಲಿ ಒಯ್ದಿದ್ದ ಹೊಂಗೆ ಬೀಜವನ್ನು ಬೊಗಸೆಗೆ ಸುರಿದುಕೊಂಡ ವಿಜ್ಞಾನಿಯೊಬ್ಬರು, “ಇದು ಯಾವ ಮರದ ಬೀಜ?” ಎಂದು ಕೇಳಿದರು. ಎಲ್ಲ ಮರಗಳದ್ದೂ ಬೆರೆತಿದೆ ಎಂದೆ. “ಹಾಗಾದರೆ ನಿಮ್ಮ ಮರಗಳ ವಿಷಯ ನಿಮಗೇ ಗೊತ್ತಿಲ್ಲ,” ಎಂದರು. ಆಗ ಸ್ವಲ್ಪ ಸಿಟ್ಟು ಬಂದದ್ದು ನಿಜ.

ಊರಿಗೆ ಬಂದವನು ಹನ್ನೊಂದು ಮರಗಳಿಗೂ ಸುಣ್ಣದಲ್ಲಿ ಸಂಖ್ಯೆ ಬರೆದು, ಮೂರು ವರ್ಷ ಪ್ರತಿ ಮರದ ಕಾಯಿಯನ್ನು ಬೇರೆ ಬೇರೆಯಾಗಿ ಬಡಿಸಿ, ಒಣಗಿಸಿ, ತೂಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಈ ಕೆಲಸವನ್ನು ಕುರಿತು ಮನೆಯಲ್ಲಿ ಕೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಹೊಂಗೆಯಲ್ಲಿ ಪರಕೀಯ ಪರಾಗಸ್ಪರ್ಶವೇ, ಅಂದರೆ ಬೇರೆ ಮರದ ಪರಾಗದಿಂದ ಕಾಯಿ ಕಟ್ಟುವುದೇ ಹೆಚ್ಚಾದ್ದರಿಂದ ಒಂದು ಮರದಂತೆ ಇನ್ನೊಂದು ಇರುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ಆದರೆ ವ್ಯತ್ಯಾಸ ಎಷ್ಟಿರಬಹುದೆಂದು ನನಗೆ ಅಂದಾಜಿರಲಿಲ್ಲ. ನಾಲ್ಕನೆಯ ಮರ ಒಳ್ಳೆಯ ವರ್ಷದಲ್ಲಿ 38 ಕಿಲೋ ಬೀಜ ಕೊಟ್ಟರೆ, ಅದರ ಪಕ್ಕದಲ್ಲೇ ಇದ್ದ, ನೋಡಲು ಅದಕ್ಕಿಂತ ದೊಡ್ಡದಾದ ಐದನೆಯದು 7 ಕಿಲೋ ದಾಟಲಿಲ್ಲ. ಏಳನೆಯದರಲ್ಲಿ ಹೂಮೊಗ್ಗುಗಳೆಲ್ಲ ಸಣ್ಣ ಗುಂಡುಗಳಾಗಿ ಊದಿಕೊಂಡು ಕಾಯಿಯೇ ಕಟ್ಟುತ್ತಿರಲಿಲ್ಲ. ನಾವು ಅದನ್ನೇ ಎಳೆಗಾಯಿ ಎಂದುಕೊಂಡಿದ್ದೆವು. ಅದು ಮೊಗ್ಗಿನೊಳಗೆ ಮೊಟ್ಟೆಯಿಡುವ ಗಂಟು ನೊಣದ ಕೆಲಸವೆಂದು ತಿಳಿದದ್ದು ಕೊಂಬೆಯೊಂದನ್ನು ಮಡೆನೂರಿಗೆ ಒಯ್ದು ತೋರಿಸಿದ ಮೇಲೆ. ಎಣ್ಣೆಯ ಅಂಶವೂ ಮರದಿಂದ ಮರಕ್ಕೆ ಬೇರೆಯಾಗಿತ್ತು. ಪರೀಕ್ಷೆಗೆ ಕೊಟ್ಟ ಮಾದರಿಗಳಲ್ಲಿ ಕಡಿಮೆಯದು ಶೇಕಡ 28, ಹೆಚ್ಚಿನದು ಶೇಕಡ 35. ಹೆಚ್ಚು ಎಣ್ಣೆಯಿದ್ದದ್ದು ಹೆಚ್ಚು ಕಾಯಿ ಬಿಟ್ಟ ಮರದಲ್ಲಲ್ಲ, ಒಂಬತ್ತನೆಯದರಲ್ಲಿ.

ಹೀಗಾಗಿ ಬೀಜ ಊರಿ ಸಸಿ ಮಾಡುವುದನ್ನು ಬಿಟ್ಟು ನಾಲ್ಕು ಮತ್ತು ಒಂಬತ್ತನೆಯ ಮರಗಳಿಂದ ಕಸಿ ಮಾಡಲು ತೊಡಗಿದೆ. ಕಸಿಯಲ್ಲಿ ತಾಯಿಮರದ ಗುಣ ಹಾಗೆಯೇ ಉಳಿಯುತ್ತದೆ, ಬೀಜದ ಸಸಿಗಿಂತ ಬೇಗ ಫಲವೂ ಬರುತ್ತದೆ. ಮೊದಲ ಸಲ ಕಟ್ಟಿದ ನೂರರಲ್ಲಿ ಚಿಗುರಿದ್ದು 31 ಮಾತ್ರ. ತಪ್ಪು ನನ್ನದೇ: ಮಧ್ಯಾಹ್ನದ ಬಿಸಿಲಿನಲ್ಲಿ ಕಡ್ಡಿ ಕತ್ತರಿಸಿ ತಂದು ಆಗಲೇ ಕಟ್ಟಿದ್ದೆ. ಕಡ್ಡಿ ತೆಗೆಯುವ ಎಂಟು-ಹತ್ತು ದಿನ ಮೊದಲೇ ಮರದ ಮೇಲಿರುವಾಗಲೇ ತೊಟ್ಟು ಉಳಿಸಿ ಎಲೆಗಳನ್ನು ಕತ್ತರಿಸಬೇಕು. ತೊಟ್ಟು ತಾನಾಗಿ ಉದುರುವ ಹೊತ್ತಿಗೆ ಕಂಕುಳ ಮೊಗ್ಗುಗಳು ಉಬ್ಬಿ ಸಿದ್ಧವಾಗಿರುತ್ತವೆ. ಬೆಳಗಿನ ತಂಪಿನಲ್ಲಿ ಅಂಥ ಕಡ್ಡಿ ತೆಗೆದು, ಒದ್ದೆ ಗೋಣಿಯಲ್ಲಿ ಸುತ್ತಿ ತಂದು, ಅಷ್ಟೇ ದಪ್ಪದ ಬೇರುಸಸಿಯ (ಕಸಿಗೆ ಬುಡವಾಗುವ ಸಸಿಯ) ಸೀಳಿನೊಳಗೆ ಬೆಣೆಯಂತೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೆ ಸಣ್ಣ ಪ್ಲಾಸ್ಟಿಕ್ ಕೊಳವೆ ತೊಡಿಸಿದ ಮರುವರ್ಷ ನೂರಕ್ಕೆ 70ಕ್ಕೂ ಹೆಚ್ಚು ಕಸಿಗಳು ಹಿಡಿದವು. ಕಸಿಯ ಕೆಳಗೆ ಬೇರುಸಸಿಯಿಂದ ಹೊರಡುವ ಚಿಗುರನ್ನು ವಾರವಾರವೂ ಚಿವುಟದಿದ್ದರೆ ಮೇಲಿನದು ಸೊರಗಿ ಹೋಗುತ್ತದೆ. ಸಿಮರೂಬದಲ್ಲಿ ಕಸಿಯ ಮಹತ್ವ ಇನ್ನೂ ಹೆಚ್ಚು, ಏಕೆಂದರೆ ಅದರಲ್ಲಿ ಗಂಡು ಮರಗಳೇ ಬೇರೆ. ನಾನು ಬೀಜದಿಂದ ಬೆಳೆಸಿದ ಹನ್ನೆರಡರಲ್ಲಿ ಐದು ಹೂ ಬಿಟ್ಟವೇ ಹೊರತು ಒಂದೂ ಕಾಯಿ ಕೊಡಲಿಲ್ಲ.

ಎಣ್ಣೆಯ ಕಡೆಯ ಪಾಠ ಬೇರೆ ಬಗೆಯದು. ಎಣ್ಣೆ ಹಿಂಡುವ ಯಂತ್ರವಾದ ಎಕ್ಸ್‌ಪೆಲ್ಲರಿನಲ್ಲಿ ನಾಲ್ಕು ಕಿಲೋ ಬೀಜಕ್ಕೆ ಸುಮಾರು ಒಂದು ಕಿಲೋ ಎಣ್ಣೆ ಬರುತ್ತದೆ, ಉಳಿದದ್ದು ಹಿಂಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದಲೇ ಡೀಸೆಲ್ ಜನರೇಟರುಗಳನ್ನು ಓಡಿಸಿ ತೋರಿಸಿದ್ದರೆಂದು ಕೇಳಿ, ನಾನೂ ನಮ್ಮ ಹಳೆಯ ಪಂಪ್‌ಸೆಟ್ ಎಂಜಿನ್ನಿಗೆ ಡೀಸೆಲಿನೊಡನೆ ಹಸಿ ಎಣ್ಣೆ ಬೆರೆಸಿ ನೋಡಿದೆ. ಓಡಿತು, ಆದರೆ ದಪ್ಪ ಎಣ್ಣೆಯಾದ್ದರಿಂದ ಕೆಲವೇ ವಾರಗಳಲ್ಲಿ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರಿಗೆ ಮಸಿ ಕಟ್ಟಿತು. ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಬಳಸಿ ಗ್ಲಿಸರಿನ್ ಬೇರ್ಪಡಿಸಿ ತೆಳು ಮಾಡಿದ ಜೈವಿಕ ಡೀಸೆಲಿನಿಂದ ಆ ತೊಂದರೆ ತಪ್ಪುತ್ತದೆ. ಹಾಗೆಂದು ನನ್ನ ಎಣ್ಣೆಯನ್ನು ಮಡೆನೂರಿನ ಘಟಕಕ್ಕೆ ಒಯ್ದರೆ ಡೀಸೆಲಿನ ಬದಲು ಸಾಬೂನಿನಂಥ ಗಂಜಿಯಾಯಿತು. ಮಳೆಗೆ ನೆನೆದ ಬೀಜವನ್ನು ಮೂರು ತಿಂಗಳು ಗೋಣಿಯಲ್ಲಿ ಒಟ್ಟಿದ್ದರಿಂದ ಎಣ್ಣೆಯಲ್ಲಿ ಆಮ್ಲ ಏರಿತ್ತು. ಅಂಥದ್ದಕ್ಕೆ ಮೊದಲು ಗಂಧಕಾಮ್ಲದ ಸಂಸ್ಕಾರ ಬೇಕು, ಅದು ಇನ್ನೊಂದು ಖರ್ಚು. ಅಂದಿನಿಂದ ಕಾಯಿಯನ್ನು ಸಿಪ್ಪೆಯ ಸಮೇತ ಚೆನ್ನಾಗಿ ಒಣಗಿಸಿ ಅಟ್ಟದ ಮೇಲಿಟ್ಟು, ಗಾಣಕ್ಕೆ ಹೋಗುವ ಹಿಂದಿನ ದಿನ ಮಾತ್ರ ಬೀಜ ಬಿಡಿಸುತ್ತೇವೆ.

ಡೀಸೆಲಿನ ಖರ್ಚು ಪೂರ್ತಿ ಉಳಿಯಿತೇ ಎಂದು ಕೇಳಿದರೆ ಇಲ್ಲ ಎನ್ನಬೇಕು. ಸಾಬೂನು ಮಾಡುವವರೂ ಚರ್ಮ ಹದ ಮಾಡುವವರೂ ಹೊಂಗೆ ಎಣ್ಣೆಗೆ ಗಿರಾಕಿಗಳಾಗಿರುವಾಗ ಅದನ್ನು ಎಂಜಿನ್ನಿಗೆ ಸುರಿಯುವುದು ಎಲ್ಲ ವರ್ಷವೂ ಲಾಭದ ಲೆಕ್ಕವಲ್ಲ. ಎಣ್ಣೆಯ ಬೆಲೆ ಬಿದ್ದ ವರ್ಷ ಪಂಪಿಗೆ, ಏರಿದ ವರ್ಷ ಮಾರಾಟಕ್ಕೆ ಎಂಬುದು ನನ್ನ ಈಗಿನ ಕ್ರಮ. ತಪ್ಪದೆ ಕೈಹಿಡಿದದ್ದು ಹಿಂಡಿ, ತೆಂಗಿಗೆ ಹೊರಗಿನಿಂದ ಹಿಂಡಿ ಕೊಳ್ಳುವುದು ನಿಂತಿದೆ. ಸಂಶೋಧಕರು ಎಣ್ಣೆಯ ಶೇಕಡಾವಾರಿಗೆ ಕೊಟ್ಟಷ್ಟು ಗಮನವನ್ನು ಕಾಯಿ ಆರಿಸುವ, ಬಡಿಯುವ ಕೂಲಿಯ ಕಡೆಗೆ ಕೊಟ್ಟಿಲ್ಲ ಎಂಬುದು ನನ್ನ ದೂರು. ಬೀಜದ ಖರ್ಚಿನಲ್ಲಿ ದೊಡ್ಡ ಪಾಲು ಅದೇ.

ಬದುಗಳಲ್ಲಿ ಈಗ 64 ಕಸಿ ಹೊಂಗೆಗಳಿವೆ. ನಾಲ್ಕನೆಯ ಮರದ ಸಂತಾನ ಒಂದು ವರ್ಷ ಗೊಂಚಲು ಗೊಂಚಲಾಗಿ ಬಿಟ್ಟು ಮರುವರ್ಷ ಕೈಬಿಡುತ್ತದೆ, ಒಂಬತ್ತನೆಯದರದು ಕಡಿಮೆಯಾದರೂ ವರ್ಷವೂ ಬಿಡುತ್ತದೆ. ಈ ಮಾಘದಲ್ಲಿ ಪಕ್ಕದ ಹೊಲದವರು ಕಡ್ಡಿ ಕೇಳಲು ಬಂದಾಗ, ನೋಟ್‌ಬುಕ್ ತೆರೆದು ತೋರಿಸಿ, ಒಂಬತ್ತನೆಯದರ ಎಲೆ ಸವರಿ ಬಂದಿದ್ದೇನೆ. ಹತ್ತು ದಿನ ಬಿಟ್ಟು ಬೆಳಗ್ಗೆಯೇ ಬರಲು ಹೇಳಿದ್ದೇನೆ.