ಕೌಂಟರಿನಲ್ಲಿ ಆಟಿಸಂ ಇರುವವರು ಕೆಲಸಕ್ಕಿದ್ದರೆ

ಕಾಸರಗೋಡು, ಕುಂಬಳೆ, ಉಪ್ಪಳ ಕಡೆ ಅಂಗಡಿ ನಡೆಸುವವರು ದಯವಿಟ್ಟು ಓದಿ. ಆಟಿಸಂ ಅಂದರೆ ಮಿದುಳಿನ ಬೆಳವಣಿಗೆಯೇ ಬೇರೆ ರೀತಿ ಇರುವುದು; ಅಂಥವರು ಜನರ ಜೊತೆ ಬೆರೆಯುವ, ಮಾತನ್ನು ಅರ್ಥ ಮಾಡಿಕೊಳ್ಳುವ ರೀತಿ ಬೇರೆಯಾಗಿರುತ್ತದೆ. ಆಟಿಸಂ ಇರುವ ಕೆಲಸಗಾರರಿಗೆ ‘ಗಿರಾಕಿಗಳ ಹತ್ತಿರ ಚೆನ್ನಾಗಿ ನಡೆದುಕೊಳ್ಳಿ’ ಎಂದಷ್ಟೇ ಹೇಳಿದರೆ ಸಾಲದು. ಚೆನ್ನಾಗಿ ಅಂದರೆ ಏನು ಅಂತ ಬಿಡಿಸಿ ಹೇಳಿ. ಗಿರಾಕಿ ಬಂದಾಗ ಏನು ಕೇಳಬೇಕು, ಮಾಲು ಇಲ್ಲದಿದ್ದರೆ ಏನು ಹೇಳಬೇಕು, ಯಾರಾದರೂ ಸಿಟ್ಟಾದರೆ ಯಾರನ್ನು ಕರೆಯಬೇಕು, ಎಲ್ಲ ಬರೆದೇ ಕೊಡಿ. ನಮ್ಮಲ್ಲಿ ಒಬ್ಬರು ಮಲಯಾಳದಲ್ಲಿ, ಇನ್ನೊಬ್ಬರು ತುಳುವಿನಲ್ಲಿ, ಮತ್ತೊಬ್ಬರು ಕನ್ನಡದಲ್ಲಿ ಕೇಳುತ್ತಾರೆ ಅಲ್ವಾ? ಆ ಮಾತುಗಳು ಮೂರೂ ಭಾಷೆಯಲ್ಲಿರಲಿ.

ಕಣ್ಣಲ್ಲಿ ಕಣ್ಣಿಟ್ಟೇ ಮಾತಾಡಬೇಕು, ಸದಾ ನಗುತ್ತಿರಬೇಕು ಎಂಬ ಹಟ ಬೇಡ. ಬಿಲ್ ನೋಡುತ್ತಲೇ ಉತ್ತರ ಕೊಟ್ಟರೆ ಅದು ಅಹಂಕಾರ ಅಲ್ಲ. ಇಲ್ಲದ ನಗುವನ್ನು ದಿನವಿಡೀ ಮುಖದ ಮೇಲೆ ಇಟ್ಟುಕೊಳ್ಳುವುದು ಹಲವರನ್ನು ಪೂರ್ತಿ ಸುಸ್ತು ಮಾಡುತ್ತದೆ. ಲೆಕ್ಕ ಸರಿಯಿದೆಯಾ, ಗಿರಾಕಿಗೆ ಬೇಕಾದ್ದು ಸಿಕ್ಕಿತಾ, ನನ್ನ ಪ್ರಕಾರ ನೋಡಬೇಕಾದ್ದು ಅದು.

ಓಣಂ, ವಿಷು ಸಮಯದ ಗದ್ದಲದಲ್ಲಿ ನಡುನಡುವೆ ಗೋದಾಮಿನಲ್ಲಿ ಸ್ವಲ್ಪ ಹೊತ್ತು ಕೂರಲು ಬಿಡಿ. ಪಾಳಿ ಬದಲಾದರೆ ಹಿಂದಿನ ದಿನವೇ ತಿಳಿಸಿ. ತಪ್ಪಾದರೆ ಎಲ್ಲರೆದುರು ಗದರದೆ, ಆಮೇಲೆ ಪಕ್ಕಕ್ಕೆ ಕರೆದು ನೇರವಾಗಿ ಹೇಳಿ.

ಮನೆಯವರಿಗೂ ಒಂದು ಮಾತು: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ.