ಮುತ್ಯಾನ ಮುತ್ಯಾ ಯಾರು? ಹೊಲದ ನಂಬರ್ ಹಿಡಿದು ಹುಡುಕಿ

ಜನಗಣತಿಯ ಹಳೆಯ ಪುಸ್ತಕ ತೆಗೆದರೆ ಮುತ್ಯಾನ (ಅಜ್ಜನ) ಹೆಸರು ಸಿಕ್ಕೇ ಸಿಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಅಮೆರಿಕದವರು, ಇಂಗ್ಲೆಂಡಿನವರು ಹಾಗೆ ಹುಡುಕುವುದನ್ನು ಯೂಟ್ಯೂಬ್‌ನಲ್ಲಿ ನೋಡಿರುತ್ತಾರೆ. ಅಲ್ಲಿ ಅದು ನಿಜ. ಅಮೆರಿಕದಲ್ಲಿ ಗಣತಿ ನಡೆದು 72 ವರ್ಷ ಕಳೆದ ಮೇಲೆ ಮನೆಮನೆಯ ಹಾಳೆ ಎಲ್ಲರಿಗೂ ತೆರೆದುಕೊಳ್ಳುತ್ತದೆ. 1950ರ ಹಾಳೆಗಳು 2022ರಲ್ಲಿ ಹೊರಬಂದವು. ಇಂಗ್ಲೆಂಡಿನಲ್ಲಿ 100 ವರ್ಷ ಕಾಯಬೇಕು.

ನಮ್ಮಲ್ಲಿ ಆ ಬಾಗಿಲೇ ಇಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ, ಗಣತಿಗೆ ಬಂದವರು ನಿಮ್ಮ ಮನೆಯ ಬಗ್ಗೆ ಬರೆದುಕೊಂಡಿದ್ದನ್ನು ನೋಡುವ ಹಕ್ಕು ಯಾರಿಗೂ ಇಲ್ಲ. ಇಷ್ಟು ವರ್ಷ ಕಳೆದ ಮೇಲೆ ತೋರಿಸಬೇಕು ಎಂಬ ನಿಯಮವೂ ಇಲ್ಲ. ಹಾಗಾಗಿ ಗಣತಿ ಕಚೇರಿಗೆ ಅರ್ಜಿ ಹಾಕಿ ಕಾಯುವುದು ಸುಮ್ನೆ ದಂಡ.

ಹಾಗಾದರೆ ಕಲಬುರಗಿ, ಬೀದರ, ಯಾದಗಿರಿ ಕಡೆಯವರು ಏನು ಮಾಡಬೇಕು? ಹೆಸರಿನ ಬೆನ್ನು ಹತ್ತಬೇಡಿ, ಹೊಲದ ಬೆನ್ನು ಹತ್ತಿ. ನಮ್ಮ ಮನೆಗಳಲ್ಲಿ ಮುತ್ಯಾನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆ. ಬಸಪ್ಪನ ಮಗ ಶರಣಪ್ಪ, ಶರಣಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ಶರಣಪ್ಪ. ಊರಲ್ಲಿ ಅದೇ ಹೆಸರಿನ ಇನ್ನೂ ನಾಲ್ಕು ಮನೆ. ಹೆಸರಿನಿಂದ ಹೊರಟರೆ ಯಾವ ಶರಣಪ್ಪ ಎಂದು ತಿಳಿಯುವುದೇ ಇಲ್ಲ. ಸರ್ವೆ ನಂಬರ್ ಮಾತ್ರ ಇದ್ದಲ್ಲೇ ಇರುತ್ತದೆ.

ಮೊದಲು ಮನೆಯ ಟ್ರಂಕು

ಸರ್ಕಾರಿ ಕಚೇರಿಗೆ ಹೋಗುವ ಮೊದಲು ಮನೆಯಲ್ಲಿರುವುದನ್ನು ಹರವಿ ಕೂರಿ. ನಮ್ಮ ಭಾಗದವರಿಗೆ ಒಂದು ಅನುಕೂಲ ಇದೆ. ಸೀಟು, ನೌಕರಿಯಲ್ಲಿ ನಮ್ಮ ಭಾಗಕ್ಕಿರುವ 371(ಜೆ) ಮೀಸಲಾತಿಯ ಅರ್ಹತಾ ಪತ್ರಕ್ಕಾಗಿ ಮನೆಯ ಯಾರಾದರೊಬ್ಬರು ಹಳೆಯ ಕಾಗದ ಕೂಡಿಸಿ ಫೈಲ್ ಮಾಡಿಟ್ಟಿರುತ್ತಾರೆ. ತಂದೆಯ ಶಾಲೆ ದಾಖಲೆ, ಪಹಣಿ, ರೇಷನ್ ಕಾರ್ಡ್ ಎಲ್ಲ ಅದರಲ್ಲೇ ಸಿಗಬಹುದು. ಅಣ್ಣನ ಮಗಳಿಗೆ ಸೀಟು ಸಿಕ್ಕ ಮೇಲೆ ಆ ಫೈಲನ್ನು ಯಾರೂ ಬಿಚ್ಚಿರುವುದಿಲ್ಲ.

ಇನ್ನೊಂದು ಆಯೇರಿ ಪಟ್ಟಿ. ಮದುವೆಯಲ್ಲಿ ಯಾರು ಎಷ್ಟು ಆಯೇರಿ ಮಾಡಿದರು ಎಂದು ಊರಿನ ಹೆಸರು ಸಮೇತ ಬರೆದಿಟ್ಟ ನೋಟ್‌ಬುಕ್ ಅದು. ದೂರವಾದ ಬೀಗರು, ಸೋದರತ್ತೆಯ ಊರು, ಅಮ್ಮನ ತವರಿನ ಕಡೆಯವರು ಎಲ್ಲ ಅಲ್ಲೇ ಇರುತ್ತಾರೆ. ಯಾವ ಸರ್ಕಾರಿ ದಾಖಲೆಯಲ್ಲೂ ಇಷ್ಟು ನೆಂಟರು ಒಟ್ಟಿಗೆ ಸಿಗುವುದಿಲ್ಲ. ತಾಮ್ರದ ಕೊಡ, ಹಿತ್ತಾಳೆ ಪರಾತಿನ ಅಂಚಿನಲ್ಲಿ ಕೊಟ್ಟವರ ಹೆಸರು, ತಾರೀಖು ಕೆತ್ತಿಸಿದ್ದರೆ ಅದನ್ನೂ ಬರೆದುಕೊಳ್ಳಿ.

ಆಮೇಲೆ ಹಿರಿಯರನ್ನು ಮಾತಾಡಿಸಿ. 'ನಿಮ್ಮ ಮುತ್ಯಾ ಯಾವ ಇಸವಿಯಲ್ಲಿ ಹುಟ್ಟಿದ' ಎಂದರೆ ಆಯಿ ಸುಮ್ಮನಾಗುತ್ತಾಳೆ. 'ಬರಗಾಲದಾಗ ಯಾರ್‍ಯಾರು ಬಾಂಬೆಗೆ ಹೋದ್ರಿ' ಅನ್ನಿ, 'ರಜಾಕಾರರ ಗದ್ದಲದಾಗ ಎಲ್ಲಿದ್ರಿ' ಅನ್ನಿ. ಮಾತು ತಾನೇ ಹರಿಯುತ್ತದೆ. ಬರಗಾಲ ಅಂದರೆ 1972ರದ್ದು, ರಜಾಕಾರರ ಗದ್ದಲ ಮುಗಿದದ್ದು ಭಾರತದ ಸೇನೆ ಬಂದ ಪೊಲೀಸ್ ಆಕ್ಷನ್‌ಗೆ, ಅಂದರೆ 1948ರ ಸೆಪ್ಟೆಂಬರ್. ಇಸವಿಯನ್ನು ನೀವು ಕೂಡಿಸಿಕೊಂಡರಾಯಿತು.

ಪಹಣಿಯಿಂದ ಹಿಂದಕ್ಕೆ

ಈಗ ಹೊಲದ ಸರ್ವೆ ನಂಬರ್ ತೆಗೆದುಕೊಳ್ಳಿ. ಮಾರಿಹೋದ ಹೊಲವಾದರೂ ಅಡ್ಡಿಯಿಲ್ಲ. ಇಂದಿನ ಪಹಣಿ 'ಭೂಮಿ' ಜಾಲತಾಣದಲ್ಲೇ ಕಾಣುತ್ತದೆ. ನಂಬರ್ 45/2ಅ ಎಂದು ಇದ್ದರೆ ಅಲ್ಲೇ ನಿಮ್ಮ ವಂಶದ ಗೆರೆ ಶುರುವಾಯಿತು ಅನ್ನಿ. 45 ಒಂದು ಕಾಲಕ್ಕೆ ಇಡೀ ಹೊಲ. ಅದು ಅಣ್ಣತಮ್ಮಂದಿರ ನಡುವೆ 45/1, 45/2 ಆಗಿರಬಹುದು. ಮುಂದೆ ಅವರ ಮಕ್ಕಳ ಕಾಲಕ್ಕೆ 2ಅ, 2ಬ. ಪಕ್ಕದ ಹಿಸ್ಸಾ ಯಾರ ಹೆಸರಲ್ಲಿದೆ ನೋಡಿ. ನೀವು ಮರೆತ ದೊಡ್ಡಪ್ಪನ ಮೊಮ್ಮಕ್ಕಳು ಅಲ್ಲೇ ಉಳುಮೆ ಮಾಡುತ್ತಿರಬಹುದು. ಮಾರಾಟದಿಂದಲೂ ನಂಬರ್ ಒಡೆದಿರುತ್ತದೆ, ಅದಕ್ಕೇ ಮುಂದಿನ ಕಾಗದ ಬೇಕು.

ಆ ಕಾಗದ ಮ್ಯುಟೇಶನ್, ಅಂದರೆ ಹೊಲ ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಹೋದ ದಾಖಲೆ. ಪಹಣಿಯಲ್ಲಿ ಅದರ ನಂಬರ್ ಇರುತ್ತದೆ. ಒಬ್ಬರು ತೀರಿಕೊಂಡು ವಾರಸಾ ಆದಾಗ ಸತ್ತವರ ಹೆಸರು, ಮಕ್ಕಳ ಹೆಸರು ಎಲ್ಲ ಒಂದೇ ಕಡೆ ಬರೆದಿರುತ್ತಾರೆ. ವಂಶವೃಕ್ಷಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ನಾನು ಕಂಡಿಲ್ಲ. ಕಂಪ್ಯೂಟರ್ ಬರುವ ಮುಂಚಿನ ಕೈಬರಹದ ಪಹಣಿ, ಮ್ಯುಟೇಶನ್ ಎಲ್ಲ ತಹಶೀಲ್ ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ. ಊರು, ಸರ್ವೆ ನಂಬರ್, ವರ್ಷ ಬರೆದು ನಕಲಿಗೆ ಅರ್ಜಿ ಕೊಡಿ. ಭೂ ಸುರಕ್ಷಾ ಯೋಜನೆಯಲ್ಲಿ ಈ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ತಾಲ್ಲೂಕಿನದು ಆಗಿದೆಯೇ ಎಂದು ಮೊದಲು ಕೇಳಿ. ಉತ್ತರವೇ ಬರದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು.

ಯಾವ ಕಚೇರಿ ಎಂಬುದನ್ನೂ ನೋಡಿಕೊಳ್ಳಿ. 2018ರಲ್ಲಿ ಹೊಸ ತಾಲ್ಲೂಕುಗಳಾದವು. ಕಾಳಗಿಯ ಹಳೆಯ ಕಾಗದ ಚಿತ್ತಾಪುರದಲ್ಲಿ, ಯಡ್ರಾಮಿಯದು ಜೇವರ್ಗಿಯಲ್ಲಿ, ಹುಣಸಗಿಯದು ಸುರಪುರದಲ್ಲಿ, ವಡಗೇರಾದ್ದು ಶಹಾಪುರದಲ್ಲಿ, ಹುಲಸೂರಿನದು ಬಸವಕಲ್ಯಾಣದಲ್ಲಿ ಇರುವ ಸಾಧ್ಯತೆಯೇ ಜಾಸ್ತಿ. ಯಾದಗಿರಿ ಜಿಲ್ಲೆಯಾಗಿದ್ದೇ 2009ರ ಕೊನೆಗೆ. ಅದಕ್ಕೂ ಹಿಂದಿನ ಜಿಲ್ಲಾ ಮಟ್ಟದ ಕಡತ ಬೇಕಿದ್ದರೆ ಕಲಬುರಗಿಯಲ್ಲೂ ವಿಚಾರಿಸಬೇಕಾಗುತ್ತದೆ.

ಊರಿನ ಹೆಸರಿನ ಮುಂದೆ (ಬಿ), (ಕೆ) ಇದ್ದರೆ ಅದನ್ನು ಬಿಡಬೇಡಿ. ಒಂದೇ ಹೆಸರಿನ ಎರಡು ಊರನ್ನು ಬುಜುರ್ಗ್ (ದೊಡ್ಡದು), ಖುರ್ದ್ (ಚಿಕ್ಕದು) ಎಂದು ಬೇರೆ ಮಾಡಿದ್ದು ಅದು. ಹಳ್ಳಿಖೇಡ ಎಂದಷ್ಟೇ ಬರೆದು ಅರ್ಜಿ ಕೊಟ್ಟರೆ ಬೇರೆಯವರ ಮುತ್ಯಾ ನಿಮ್ಮ ಕೈಗೆ ಬರುತ್ತಾನೆ.

ಹೀಗೆ ಹಿಂದೆ ಹೋದರೆ 1954-55ರ ಖಾಸ್ರಾ ಪಹಣಿ ಸಿಗುತ್ತದೆ. ಇದನ್ನು ಗಟ್ಟಿ ನೆಲೆ ಎಂದು ಇಟ್ಟುಕೊಳ್ಳಿ. ಅದರಾಚೆಗೆ ನಿಜಾಮರ ಕಾಲ, ಅಂದರೆ ಉರ್ದು.

ಉರ್ದು ಕಾಗದ, ಫಸಲಿ ವರ್ಷ

ಸೇತ್ವಾರ್, ವಸೂಲ್ ಬಾಕಿ, ಫೈಸಲ್ ಪಟ್ಟಿ. ನಿಜಾಮರ ಕಾಲದ ಕಂದಾಯ ದಾಖಲೆಗಳ ಹೆಸರುಗಳಿವು. ಬರೆದಿರುವುದು ಶಿಕಸ್ತಾ ಎಂಬ ಓಟದ ಅಕ್ಷರದಲ್ಲಿ. ಶಾಲೆಯಲ್ಲಿ ಉರ್ದು ಕಲಿತವರಿಗೂ ಓದಲು ಕಷ್ಟ. ಹಳೆಯ ಉರ್ದು ಮಾಸ್ತರು, ಮೌಲ್ವಿಗಳು, ನೋಂದಣಿ ಕಚೇರಿ ಹತ್ತಿರ ಕೂರುವ ಹಿರಿಯ ಬರಹಗಾರರು ಓದಿಕೊಡಬಲ್ಲರು. ಮೊಬೈಲ್ ಆ್ಯಪ್ ನಂಬಬೇಡಿ.

ಓದಿಸುವಾಗ ಒಂದು ಎಚ್ಚರ. ಉರ್ದುವಿನಲ್ಲಿ ಹ್ರಸ್ವ ಸ್ವರ ಬರೆಯುವುದಿಲ್ಲ. ಮಲ್ಲಪ್ಪ, ಮುಲ್ಲಪ್ಪ ಎರಡೂ ಒಂದೇ ಥರ ಕಾಣುತ್ತವೆ. ಓದುವವರಿಗೆ ನಿಮ್ಮ ಮನೆತನದ ಹೆಸರುಗಳನ್ನು ಮೊದಲೇ ಹೇಳಿಬಿಟ್ಟರೆ ಅವರು ಅದನ್ನೇ ಓದುತ್ತಾರೆ. ಏನೂ ಹೇಳಬೇಡಿ, ಕಂಡಂತೆ ಓದಲಿ. 'ವಲ್ದ್' ಎಂದು ಬಂದರೆ ಮುಂದಿನದು ತಂದೆಯ ಹೆಸರು. 'ಸಾಕಿನ್' ಎಂದರೆ ವಾಸದ ಊರು. ಹೊಲ ಇರುವ ಊರು ಒಂದು, ಸಾಕಿನ್ ಇನ್ನೊಂದು ಇದ್ದರೆ ಕಿವಿ ನೆಟ್ಟಗೆ ಮಾಡಿ. ನಿಮ್ಮವರ ಮೂಲ ಊರು ಅದೇ ಇರಬಹುದು.

ಈ ಕಂದಾಯದ ಕಾಗದಗಳಲ್ಲಿ ಇರುವುದು ಇಸವಿಯಲ್ಲ, ಫಸಲಿ ವರ್ಷ. ಅದನ್ನು ಇಸವಿಗೆ ತರುವ ಲೆಕ್ಕ ಹೀಗೆ. ಹೈದರಾಬಾದ್ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರ ಅಜೂರ್ ತಿಂಗಳಿಂದ ಶುರು. ಅಜೂರ್, ದೈ ತಿಂಗಳಾದರೆ 590 ಕೂಡಿಸಿ. ಬಹಮನ್ ತಿಂಗಳಲ್ಲಿ ಇಸವಿ ಬದಲಾಗುತ್ತದೆ, ಆಮೇಲಿನ ತಿಂಗಳಿಗೆ 591. ಅಂದರೆ 1348 ಫಸಲಿ 1938ರ ಅಕ್ಟೋಬರಿನಿಂದ 1939ರ ಅಕ್ಟೋಬರ್‌ವರೆಗೆ. ನಿಕಾಹದ ಕಾಗದದಲ್ಲಿ ಮುಸ್ಲಿಂ ಪಂಚಾಂಗದ ಹಿಜರಿ ವರ್ಷ ಇರುತ್ತದೆ. 1357 ಹಿಜರಿ ಅಂದರೆ 1938-39, 1357 ಫಸಲಿ ಅಂದರೆ 1947-48. ಹತ್ತು ವರ್ಷದ ವ್ಯತ್ಯಾಸದಲ್ಲಿ ಮಗ ಅಪ್ಪನಿಗಿಂತ ಮೊದಲೇ ಹುಟ್ಟಿಬಿಡುತ್ತಾನೆ!

ನಿಮ್ಮೂರು ಜಾಗೀರಿನ ಊರಾಗಿತ್ತೇ ಎಂದೂ ಕೇಳಿ. 1949ರಲ್ಲಿ ಜಾಗೀರು ರದ್ದಾಗುವ ತನಕ ಅಂಥ ಊರಿನ ವಸೂಲಿ ಜಾಗೀರದಾರರ ಕೈಯಲ್ಲಿತ್ತು. ಅವುಗಳ ಹಳೆಯ ಕಾಗದ ತಹಶೀಲ್‌ನಲ್ಲಿ ಇಲ್ಲದಿದ್ದರೆ ಆಶ್ಚರ್ಯವಿಲ್ಲ. ನಿಜಾಮ ಸರ್ಕಾರದ ದೊಡ್ಡ ಕಡತಗಳು ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ. ಇನಾಮು, ಜಾಗೀರಿನ ತಕರಾರು ಇದ್ದ ಮನೆತನವಾದರೆ ಅಲ್ಲಿ ಹೋಗುವುದು ಲಾಭ. ಉಳಿದವರು ಬಸ್ ಖರ್ಚು ಉಳಿಸಿಕೊಳ್ಳಿ.

ಹೊಲವೇ ಇಲ್ಲದಿದ್ದವರು

ನಮ್ಮ ಭಾಗದಲ್ಲಿ ಹೊಲ ಇದ್ದವರಿಗಿಂತ ಇನ್ನೊಬ್ಬರ ಹೊಲದಲ್ಲಿ ದುಡಿದವರೇನು ಕಡಿಮೆಯೇ? ಅವರಿಗೆ ದಾರಿ ಬೇರೆ. ಮುತ್ಯಾ ಗೇಣಿಗೆ ಉಳುತ್ತಿದ್ದರೆ 1974ರ ಭೂ ಸುಧಾರಣೆಯಲ್ಲಿ ಉಳುವ ಹೊಲ ತನ್ನ ಹೆಸರಿಗೆ ಆಗಲಿ ಎಂದು ನಮೂನೆ 7ರ ಅರ್ಜಿ ಹಾಕಿರಬಹುದು. ಭೂ ನ್ಯಾಯಮಂಡಳಿಯ ಆ ಕಡತದಲ್ಲಿ ಅವರ ಹೆಸರು, ಊರು, ಎಷ್ಟು ವರ್ಷದಿಂದ ಉಳುತ್ತಿದ್ದಾರೆ ಎಂಬುದೆಲ್ಲ ಸಿಗುತ್ತದೆ. ಕಲಬುರಗಿಯ ಎಂ.ಎಸ್.ಕೆ. ಮಿಲ್, ಶಹಾಬಾದಿನ ಸಿಮೆಂಟ್ ಕಾರ್ಖಾನೆ, ವಾಡಿ ಜಂಕ್ಷನ್ನಿನ ರೈಲ್ವೆಯಲ್ಲಿ ದುಡಿದವರಿದ್ದರೆ ಭವಿಷ್ಯನಿಧಿ, ಪಿಂಚಣಿ ಕಾಗದ ಹುಡುಕಿ. ಅದರಲ್ಲಿ ನಾಮಿನಿ ಎಂದು ಬರೆಸಿದ ಹೆಸರು ನೀವು ಕೇಳಿರದ ತಮ್ಮನದೋ ತಂಗಿಯದೋ ಆಗಿರಬಹುದು. ಕಾರಂಜಾದಂಥ ಅಣೆಕಟ್ಟಿಗೆ ಮನೆ, ಜಮೀನು ಹೋಗಿದ್ದರೆ ಪರಿಹಾರದ ಪಟ್ಟಿಯಲ್ಲಿ ಹೆಸರಿರುತ್ತದೆ.

ಶಾಲೆಯ ದಾಖಲಾತಿ ರಿಜಿಸ್ಟರ್ ಎಲ್ಲರಿಗೂ ಉಪಯೋಗ. ಅದರಲ್ಲಿ ಜೂನ್ 1ಕ್ಕೆ ಹುಟ್ಟಿದವರೇ ತುಂಬಿರುತ್ತಾರೆ, ಮಾಸ್ತರರ ಕೃಪೆ. ತಾರೀಖು ಬಿಡಿ, ತಂದೆಯ ಹೆಸರು, ಊರು ತೆಗೆದುಕೊಳ್ಳಿ. 2002ರ ಮತದಾರರ ಪಟ್ಟಿ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿದೆ. ಮನೆ ನಂಬರ್ ಪ್ರಕಾರ ಇರುವುದರಿಂದ ಒಂದೇ ಸೂರಿನಡಿ ಯಾರ್‍ಯಾರಿದ್ದರು ಗೊತ್ತಾಗುತ್ತದೆ.

ನಾಡಕಚೇರಿಯ ವಂಶಾವಳಿ ಪತ್ರ ಸಿಕ್ಕಿತು, ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಅರ್ಜಿ ಹಾಕಿದವರು ಹೇಳಿದ್ದನ್ನೇ ತಲಾಠಿ ವಿಚಾರಣೆ ಮಾಡಿ ಬರೆದಿರುತ್ತಾರೆ. ಬಿಟ್ಟ ಹೆಸರು ಬಿಟ್ಟೇ ಹೋಗಿರುತ್ತದೆ.

ಗಣತಿಯಿಂದ ಸಿಗುವುದು ಏನು

ಹೆಸರು ಸಿಗದಿದ್ದರೂ ಊರಿನ ಕಥೆ ಸಿಗುತ್ತದೆ. 1951ರಿಂದ ಈಚೆಗೆ ಜಿಲ್ಲಾ ಜನಗಣತಿ ಕೈಪಿಡಿಗಳು ಬಂದಿವೆ. ಹಳೆಯ ಸಂಪುಟಗಳನ್ನು ಗಣತಿ ಇಲಾಖೆಯ ಜಾಲತಾಣದಲ್ಲಿ ಹುಡುಕಬಹುದು. ಪ್ರತಿ ಹಳ್ಳಿಯ ಮನೆ, ಜನರ ಸಂಖ್ಯೆ ಅದರಲ್ಲಿರುತ್ತದೆ. ನಿಮ್ಮೂರಿನ 1961, 1971, 1981ರ ಅಂಕಿಗಳನ್ನು ಪಕ್ಕಪಕ್ಕ ಬರೆಯಿರಿ. ಎಲ್ಲಿ ಜನ ಕಡಿಮೆಯಾದರೋ ಆ ಹತ್ತು ವರ್ಷದಲ್ಲಿ ಗುಳೆ ಹೋದವರ ಬಗ್ಗೆ ಹಿರಿಯರನ್ನು ಕೇಳಿ. ಮನೆಯಲ್ಲಿ ಹೇಳುವ ಊರು ನಕಾಶೆಯಲ್ಲಿ ಇಲ್ಲವೇ ಇಲ್ಲ ಅನ್ನಿಸಿದರೆ ಬೇಚಿರಾಗ್ ಗ್ರಾಮಗಳನ್ನು ನೋಡಿ. ಜನ ಬಿಟ್ಟುಹೋದರೂ ಕಂದಾಯದ ಲೆಕ್ಕದಲ್ಲಿ ಅವುಗಳ ಹೆಸರು ಉಳಿದಿರುತ್ತದೆ.

ಹೆಳವರು ಬಂದಾಗ

ಉತ್ತರ ಕರ್ನಾಟಕದಲ್ಲಿ ವಂಶದ ಲೆಕ್ಕ ಇಡುವುದನ್ನೇ ಕಸುಬು ಮಾಡಿಕೊಂಡವರು ಹೆಳವರು. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಗಾಡಿಯಲ್ಲಿ. ಸುಗ್ಗಿ ಮುಗಿದ ಮೇಲೆ ಬಂದು, ಮನೆಯ ಮುಂದೆ ಕುಲ ಹೊಗಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳುಕಡಿ, ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಬಾಗಿಲಲ್ಲೇ ಸಾಗಹಾಕಬೇಡಿ. ಕೂರಿಸಿ, ಚಹಾ ಕೊಟ್ಟು, ಅವರು ಒಪ್ಪಿದರೆ ಹೇಳುವುದನ್ನು ರೆಕಾರ್ಡ್ ಮಾಡಿ. ಶುರುವಿನ ದೇವರ ಕಥೆ ಚೆಂದ, ಅದನ್ನು ಚೆಂದಕ್ಕೇ ಬಿಡಿ. ಕೊನೆಯ ನಾಲ್ಕೈದು ತಲೆಮಾರಿನ ಹೆಸರುಗಳನ್ನು ಪಹಣಿಯ ಹೆಸರಿನ ಜೊತೆ ಹೊಂದಿಸಿ ನೋಡಿ. ಊರು ಬಿಟ್ಟುಬಂದ ಕಾರಣ ಮಾತ್ರ ಅವರ ಬಾಯಲ್ಲಿ ಸಿಕ್ಕಷ್ಟು ಬೇರೆಲ್ಲೂ ಸಿಗುವುದಿಲ್ಲ.

ಲಂಬಾಣಿ ತಾಂಡಾದವರಿಗೆ ಢಾಡಿಗಳು ಇದೇ ಕೆಲಸ ಮಾಡುತ್ತಾರೆ. ಮುಸ್ಲಿಂ ಮನೆತನವಾದರೆ ಖಾಜಿಯವರ ನಿಕಾಹ ರಿಜಿಸ್ಟರ್, ಕ್ರೈಸ್ತರಾದರೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ. ಮನೆಯಲ್ಲಿ ಯಾರಾದರೂ ಕಾಶಿ, ಗಯಾ, ತ್ರ್ಯಂಬಕೇಶ್ವರಕ್ಕೆ ಹೋಗಿ ಪಿಂಡ ಇಟ್ಟಿದ್ದರೆ ಅಲ್ಲಿನ ಪಂಡಾಗಳ ವಹಿಯಲ್ಲಿ ಅವರ ಹೆಸರು ಇರಬಹುದು. ಊರು, ಜಿಲ್ಲೆ ಹೇಳಿ ಕೇಳಬೇಕು. ನಿಜಾಮ್ ಹೈದರಾಬಾದ್ ಎಂದೂ ಸೇರಿಸಿ.

ಕಳೆದುಹೋದ ನೆಂಟರು

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ, ಅಹಮದಪುರ ಮರಾಠಿ ಸೀಮೆಗೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಗುಲ್ಬರ್ಗ ಜಿಲ್ಲೆಯ ಕೊಡಂಗಲ್, ತಾಂಡೂರು ಕೂಡ ಆಂಧ್ರದ ಪಾಲಾದವು. ನೆಂಟರು ಎಲ್ಲೂ ಹೋಗಿರಲಿಲ್ಲ, ಗಡಿ ಮಾತ್ರ ಸರಿಯಿತು. ಒಂದೆರಡು ತಲೆಮಾರಿಗೆ ಅವರ ಹೆಸರು ಮರಾಠಿಯದೋ ತೆಲುಗಿನದೋ ಆಗಿರುತ್ತದೆ. ಅಡ್ಡಹೆಸರಿನಲ್ಲಿ ಹಳೆಯ ಊರು ಉಳಿದಿದೆಯೇ ನೋಡಿ.

ದೂರ ಹೋದವರನ್ನು ಹುಡುಕಲು ಮನೆದೇವರೇ ಒಳ್ಳೆಯ ಸುಳಿವು. ಮುಂಬೈಗೆ, ಸೊಲ್ಲಾಪುರಕ್ಕೆ ಹೋಗಿ ನೆಲೆಸಿದವರು ಕನ್ನಡ ಮರೆತರೂ ಮಗುವಿನ ಜವಳ ತೆಗೆಯಲು ಮೈಲಾಪುರಕ್ಕೋ ಘತ್ತರಗಿಗೋ ಸನ್ನತಿಗೋ ಬರುತ್ತಾರೆ. ನಿಮ್ಮ ಮನೆದೇವರ ಪೂಜಾರಿಯ ಹತ್ತಿರ ನಿಮ್ಮ ಅಡ್ಡಹೆಸರು, ಮೂಲ ಊರು, ಫೋನ್ ನಂಬರ್ ಬರೆದುಕೊಟ್ಟು ಬನ್ನಿ.

ಹೆಣ್ಣುಮಕ್ಕಳ ಕೊಂಡಿ ಹುಡುಕುವುದು ಎಲ್ಲಕ್ಕಿಂತ ಕಷ್ಟ. ಮದುವೆಯಲ್ಲಿ ಹೆಸರೇ ಬದಲಾಗಿರುತ್ತದೆ, ಹಳೆಯ ಪಹಣಿಯಲ್ಲಂತೂ ಸಿಗುವುದು ಅಪರೂಪ. ದೇಶದ ಮೊದಲ ಚುನಾವಣೆಯ ಪಟ್ಟಿಯಲ್ಲೇ ಸ್ವಂತ ಹೆಸರು ಹೇಳದೆ 'ಇಂಥವರ ಹೆಂಡತಿ' ಎಂದವರನ್ನು, ಸುಮಾರು 28 ಲಕ್ಷ ಹೆಂಗಸರನ್ನು, ಕೈಬಿಟ್ಟಿದ್ದರು. ಹಾಗಾಗಿ ಅವರನ್ನು ತವರಿನ ಕಡೆಯಿಂದಲೇ ಹುಡುಕಬೇಕು. ಸೋದರಮಾವನ ಜೊತೆ ಮದುವೆಯಾದ ಮನೆಗಳಲ್ಲಿ ಒಬ್ಬಳೇ ಎರಡು ಕಡೆ ಬರುತ್ತಾಳೆ. ಆ್ಯಪ್‌ಗಳು ಅಲ್ಲಿ ಗಲಿಬಿಲಿಗೊಳ್ಳುತ್ತವೆ. ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಕೈಯಿಂದ ಬರೆಯುವುದೇ ಸಲೀಸು. ಕಾಗದದ ಆಧಾರ ಇರುವ ಹೆಸರು ಪೆನ್ನಿನಲ್ಲಿ, ಬಾಯಿಮಾತಿನದು ಪೆನ್ಸಿಲ್‌ನಲ್ಲಿ ಇರಲಿ.

ಕೊನೆಗೆ, ಹುಡುಕಿದ ನೆಂಟರ ಬಾಗಿಲು ತಟ್ಟುವ ವಿಷಯ. ಹಳೆಯ ಪಹಣಿ ಕೈಯಲ್ಲಿ ಹಿಡಿದು ಹೋದರೆ ಎಂಥ ಪ್ರೀತಿಯ ಕಾಕಾನಾದರೂ 'ಇವ ಪಾಲು ಕೇಳಾಕ ಬಂದಾನ' ಅಂದುಕೊಳ್ಳುತ್ತಾನೆ. ಪಹಣಿ ಮನೆಯಲ್ಲೇ ಬಿಡಿ. ಹಳೆಯ ಫೋಟೊ ಒಯ್ಯಿರಿ, ಜೊತೆಗೆ ಎರಡೂ ಕಡೆ ಪರಿಚಯ ಇರುವ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಮೊದಲ ಸಲ ಊಟ ಮಾಡಿ ಬನ್ನಿ. ಸರ್ವೆ ನಂಬರ್ ಮಾತು ಎರಡನೇ ಸಲಕ್ಕೆ ಇರಲಿ.