ಕ್ರೋಶಾ ಕಡ್ಡಿಯಲ್ಲಿ ಹೆಣಿಗೆಯ ರಿಬ್

ಮೊನ್ನೆ ತಂಗಿಯ ಮೊಮ್ಮಗಳು ತಾನೇ ಕ್ರೋಶಾದಲ್ಲಿ ಹಾಕಿದ ಟೋಪಿಯೊಂದನ್ನು ತಂದು ತೋರಿಸಿದಳು. ಅಂಚಿನ ರಿಬ್, ಅಂದರೆ ಉಬ್ಬು ತಗ್ಗಿನ ಗೆರೆಗಳಿರುವ ಪಟ್ಟಿ, ನೋಡಲು ಚೆಂದವಾಗಿಯೇ ಇತ್ತು. ಎರಡು ಕೈಯಲ್ಲಿ ಹಿಡಿದು ಅಗಲಿಸಿದರೆ ಮಾತ್ರ ಕೂದಲೆಳೆಯಷ್ಟೂ ಜಗ್ಗಲಿಲ್ಲ. "ಕ್ರೋಶಾದಲ್ಲಿ ಇಷ್ಟೇ ದೊಡ್ಡಜ್ಜಿ, ನಿಟ್ಟಿಂಗ್ ಹಾಗೆ ಹಿಗ್ಗುವುದಿಲ್ಲ" ಎಂದಳು. ಈ ಮಾತನ್ನು ಎಷ್ಟು ಮಕ್ಕಳ ಬಾಯಲ್ಲಿ ಕೇಳಿದ್ದೇನೋ! ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಕ್ರೋಶಾದ ರಿಬ್ ಚೆನ್ನಾಗಿಯೇ ಹಿಗ್ಗುತ್ತದೆ. ಹಾಕುವ ಕೈ ಬಿಗಿಯಾಗಿದ್ದರೆ ಪಾಪ ಅದೇನು ಮಾಡೀತು?

ಅವಳು ಹಾಕಿದ್ದು ಸಿಂಗಲ್ ಕ್ರೋಶಾ ಎಂಬ ಗಿಡ್ಡ ಹೊಲಿಗೆ, ಹಿಂದಿನ ಎಳೆಯಲ್ಲಿ, ಅಂದರೆ ಹೊಲಿಗೆಯ ತಲೆಯ ಎರಡು ಎಳೆಗಳಲ್ಲಿ ನಮ್ಮಿಂದ ದೂರದ್ದರಲ್ಲಿ. ಅದರಲ್ಲಿ ಉಬ್ಬು ತಗ್ಗು ಬರುತ್ತದೆ, ಹೆಣಿಗೆಯ (ನಿಟ್ಟಿಂಗಿನ) ನಯ ಬರುವುದಿಲ್ಲ. ಅದಕ್ಕಿಂತ ಎತ್ತರದ ಡಬಲ್ ಕ್ರೋಶಾವನ್ನು ಕೆಳಗಿನ ಸಾಲಿನ ಹೊಲಿಗೆಯ ಕಂಬಕ್ಕೇ ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ಸುತ್ತಿ ಹಾಕುವವರಿದ್ದಾರೆ. ಟೋಪಿಯ ದಪ್ಪ ಅಂಚಿಗೆ ಅದು ಸರಿ, ಕೂಸಿನ ಮಣಿಕಟ್ಟಿಗೆ ಭಾರ, ನೂಲನ್ನೂ ನುಂಗುತ್ತದೆ. ಇನ್ನೊಂದು ಮಾತು: ಅಮೆರಿಕದವರು ಸಿಂಗಲ್ ಎನ್ನುವುದನ್ನೇ ಬ್ರಿಟನ್ನಿನವರು ಡಬಲ್ ಎನ್ನುತ್ತಾರೆ. ಮಾದರಿ ಯಾರದು ಎಂದು ನೋಡದೆ ಶುರು ಮಾಡಿ ಆಮೇಲೆ ಅಳತೆ ತಪ್ಪಿತು ಎಂದು ಅಳಬೇಡಿ.

ಹೆಣಿಗೆಯಂತೆಯೇ ಕಾಣಬೇಕಾದರೆ ಸ್ಲಿಪ್ ಸ್ಟಿಚ್ ಹಾಕಬೇಕು, ಅದೂ ಹಿಂದಿನ ಎಳೆಯಲ್ಲಿ. ಹೆಣಿಗೆಯಲ್ಲಿ ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆದುಕೊಳ್ಳುತ್ತೇವೆ, ಅಷ್ಟೇ. ಸ್ಲಿಪ್ ಸ್ಟಿಚ್ಚಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ: ಕೆಳಗಿನ ಎಳೆಯೊಳಗಿಂದ ತಂದ ನೂಲನ್ನು ಕಡ್ಡಿಯ ಮೇಲಿನ ಕುಣಿಕೆಯೊಳಗಿಂದಲೂ ಒಂದೇ ಸಲಕ್ಕೆ ಎಳೆದುಕೊಳ್ಳುತ್ತೇವೆ, ಮೇಲೆ ಇನ್ನೊಂದು ಸುತ್ತು ಕೂರುವುದಿಲ್ಲ. ಅದಕ್ಕೇ ಎರಡರ ಮೈಯೂ ಒಂದೇ ರೀತಿ ಕಾಣುವುದು. ಕೆಲಸ ನಿಧಾನ, ಸಾಲು ಬಲು ಗಿಡ್ಡ. ಅವಸರವಿದ್ದವರು ಬೇರೆ ಏನಾದರೂ ಹಾಕಿಕೊಳ್ಳಲಿ.

ಪಟ್ಟಿಯನ್ನು ಅಡ್ಡಡ್ಡ ಹಾಕುತ್ತೇವೆ ಎನ್ನುವುದು ನೆನಪಿರಲಿ. ಪಟ್ಟಿ ಎಷ್ಟು ಎತ್ತರ ಬೇಕೋ ಅಷ್ಟುದ್ದದ ಚೈನ್ (ಕುಣಿಕೆಗಳ ಸರಪಳಿ) ಹಾಕಿ, ಸಾಲುಗಳನ್ನು ಸುತ್ತಳತೆಗೆ ತಕ್ಕಂತೆ ಬೆಳೆಸಿ. ಎರಡು ಸಾಲಿಗೆ ಒಂದು ಉಬ್ಬು. ತಲೆಯ ಸುತ್ತಳತೆಗಿಂತ ಎರಡು ಮೂರು ಬೆರಳು ಕಡಿಮೆ ಇರುವಾಗಲೇ ನಿಲ್ಲಿಸಿ, ಹಿಗ್ಗಿ ಕೂರಬೇಕಲ್ಲ. ನೂಲಿನ ಚೀಟಿಯಲ್ಲಿ 4 ಮಿ.ಮೀ. ಕಡ್ಡಿ ಎಂದಿದ್ದರೆ 5 ಅಥವಾ 5.5 ತೆಗೆದುಕೊಳ್ಳಿ. ಉಣ್ಣೆಯಾದರೆ ಎಳೆದು ಬಿಟ್ಟ ಮೇಲೆ ತಾನೇ ಕುಗ್ಗುತ್ತದೆ, ಹತ್ತಿ ಹಾಗೆ ಕುಗ್ಗುವುದಿಲ್ಲ.

ಈಗ ನಾನು ಇಷ್ಟೆಲ್ಲ ಬರೆಯಲು ಕಾರಣವಾದ ವಿಷಯ. ನಿಮ್ಮ ಕಡ್ಡಿಯನ್ನು ಒಮ್ಮೆ ಸರಿಯಾಗಿ ನೋಡಿ. ತುದಿಯಲ್ಲಿ ಕೊಕ್ಕೆ, ಅದರ ಕೆಳಗೆ ಸಣ್ಣಗಾದ ಕತ್ತು, ಅದರ ಕೆಳಗೆ ಒಂದೇ ದಪ್ಪದ ಮೈ. ಎಲ್ಲರೂ ಕುಣಿಕೆಯನ್ನು ಎಳೆದು ಕತ್ತಿನಲ್ಲೇ ನಿಲ್ಲಿಸಿ, ಮೇಲಿಂದ ಎಡಗೈ ತೋರುಬೆರಳಿನಿಂದ ನೂಲನ್ನು ಒಮ್ಮೆ ಜಗ್ಗುತ್ತಾರೆ. ಕೆಡುವುದು ಆ ಜಗ್ಗಿನಿಂದ. ಕುಣಿಕೆ ಹೊರಬಂದ ಕೂಡಲೇ ಕಡ್ಡಿಯನ್ನು ಒಂದು ಗೋಧಿ ಕಾಳಿನಷ್ಟು ಮೇಲಕ್ಕೆತ್ತಿ, ಕುಣಿಕೆಯನ್ನು ಕಡ್ಡಿಯ ದಪ್ಪ ಮೈಗೆ ಜಾರಿಸಿ, ಅಲ್ಲಿ ಒಂದು ಗಳಿಗೆ ಕೂರಲು ಬಿಡಿ. ಎಡಗೈ ಸುಮ್ಮನಿರಲಿ, ನೂಲನ್ನು ಹಾದು ಹೋಗಲು ಬಿಡುವುದಷ್ಟೇ ಅದರ ಕೆಲಸ. ಆಮೇಲೆ ಮುಂದಿನದಕ್ಕೆ ಹೋಗಿ. ಸಾಲು ಮುಗಿದು ತಿರುಗಿಸಿದಾಗ ಒಂದು ಚೈನ್ ಹಾಕಿ, ಪಟ್ಟಿಯ ಮೇಲಂಚನ್ನು ನಿಮ್ಮ ಕಡೆಗೆ ಸ್ವಲ್ಪ ಬಾಗಿಸಿ. ಜಡೆ ಹೆಣೆದಂತೆ ಎರಡು ಎಳೆ ಕಾಣುತ್ತವೆ. ನಿಮ್ಮಿಂದ ದೂರ ಇರುವ ಎಳೆಯೇ ಬೇಕಾದದ್ದು. ಕಡ್ಡಿ ಅದರೊಳಗೆ ತಾನೇ ನುಸುಳಬೇಕು. ಉಗುರಿನಿಂದ ಬಿಡಿಸಿ ತೂರಿಸಬೇಕಾಯಿತೆಂದರೆ ಹಿಂದಿನ ಸಾಲು ಬಿಗಿಯಾಗಿದೆ. ಮುಂದೆ ಸರಿಹೋದೀತು ಎಂದುಕೊಳ್ಳಬೇಡಿ, ಅಲ್ಲೇ ಬಿಚ್ಚಿ. ಹತ್ತು ಸಾಲಾದ ಮೇಲೆ ಪಟ್ಟಿಯನ್ನು ಉಬ್ಬುಗಳಿಗೆ ಅಡ್ಡವಾಗಿ ಎಳೆದು ಬಿಡಿ. ತಗ್ಗುಗಳು ಬಾಯಿ ತೆರೆದು, ಬಿಟ್ಟಾಗ ಮತ್ತೆ ಒಳಗೆ ಸೇರಿಕೊಳ್ಳಬೇಕು.

ನನಗೆ ಇದನ್ನು ಕಲಿಸಿದ್ದು ನಮ್ಮ ಅಕ್ಕ. ನಾನು ಹಾಕಿದ ಮೊದಲ ಸ್ವೆಟರಿನ ಕುತ್ತಿಗೆ ಮಗುವಿನ ಕಿವಿಯ ಹತ್ತಿರವೇ ನಿಂತುಬಿಟ್ಟಿತು, ಮಗು ಕಿರುಚಿಕೊಂಡಿತು. ಅಕ್ಕ ಒಂದು ಮಾತೂ ಆಡದೆ ಕುತ್ತಿಗೆಯನ್ನೆಲ್ಲ ಬಿಚ್ಚಿ, ನನ್ನ ಎಡಗೈ ತೋರುಬೆರಳನ್ನು ತನ್ನ ಬೆರಳುಗಳ ನಡುವೆ ಹಿಡಿದುಕೊಂಡು ಕೂತಳು. ಜಗ್ಗಲು ಹೋದಾಗಲೆಲ್ಲ ಒತ್ತುತ್ತಿದ್ದಳು. ಒಂದೇ ಮಧ್ಯಾಹ್ನದಲ್ಲಿ ಚಾಳಿ ಬಿಟ್ಟಿತು. ಗುಂಡಿ ಹೊಲಿಯುವುದರಲ್ಲಿಯೂ ಇದೇ ರೋಗ ನೋಡುತ್ತೇನೆ, ಬಟ್ಟೆಗೆ ಅಂಟಿಸಿದಂತೆ ಬಿಗಿದು ಹೊಲಿಯುತ್ತಾರೆ. ಗುಂಡಿಯ ಮೇಲೊಂದು ಬೆಂಕಿಕಡ್ಡಿ ಇಟ್ಟು ಅದರ ಮೇಲೆ ದಾರ ಹಾಯಿಸಿ, ಆಮೇಲೆ ಕಡ್ಡಿ ತೆಗೆದು, ಗುಂಡಿಯ ಬುಡಕ್ಕೆ ದಾರ ಸುತ್ತಿ ಗಂಟು ಹಾಕಬಾರದೇ?

ರಿಬ್ ಹಾಕುವಾಗ ಸಾಲಿನ ಕೊನೆಯ ಹೊಲಿಗೆಯನ್ನು ಬಿಟ್ಟು ತಿರುಗುವವರೂ ಬಹಳ. ಸ್ಲಿಪ್ ಸ್ಟಿಚ್ಚಿನಲ್ಲಿ ಅದು ಅಂಚಿನಲ್ಲಿ ಅಡಗಿಕೊಂಡಿರುತ್ತದೆ, ನಾಲ್ಕು ಸಲ ಬಿಟ್ಟರೆ ಪಟ್ಟಿ ತ್ರಿಕೋನವಾಗುತ್ತದೆ. ಪ್ರತಿ ಸಾಲಿನ ಮೊದಲನೆಯದಕ್ಕೆ ಬೇರೆ ಬಣ್ಣದ ದಾರದ ತುಣುಕು ಸಿಕ್ಕಿಸಿ. ಅಕ್ರಿಲಿಕ್ ನೂಲಾದರೆ ಇಸ್ತ್ರಿ ಪೆಟ್ಟಿಗೆಯನ್ನು ಹತ್ತಿರವೂ ತರಬೇಡಿ, ಬಿಸಿ ತಾಗಿದರೆ ರಿಬ್ ಚಪ್ಪಟೆಯಾಗಿ ಹಾಗೆಯೇ ಉಳಿಯುತ್ತದೆ.

ಹುಡುಗಿಯ ಟೋಪಿಯ ಅಂಚನ್ನು ಅವತ್ತೇ ಬಿಚ್ಚಿಸಿದೆ. ಬಿಚ್ಚಿದ ನೂಲನ್ನು ಹಾಗೆಯೇ ಮತ್ತೆ ಹಾಕಲು ಹೊರಟಿದ್ದಳು! ಅದು ಗುಂಗುರಾಗಿರುತ್ತದೆ, ಒಂದು ಹೊಲಿಗೆಯಂತೆ ಇನ್ನೊಂದು ಬರುವುದಿಲ್ಲ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಒತ್ತಿ ನೆರಳಿಗೆ ಹಾಕಿ. ಪೂರ್ತಿ ಒಣಗಿದ ಮೇಲೆ ಉಂಡೆ ಸುತ್ತಿ, ಅದನ್ನೂ ಸಡಿಲವಾಗಿಯೇ.